ಮುಚ್ಚಿದ ಮೂಸೆಯ ತೂಕ

ಪುಷ್ಯ ಮಾಸದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲಕ್ಕೆ ಬೆಂಕಿ ಮುಟ್ಟಿತೆಂದರೆ ಚಿಕ್ಕಲ್ಲೂರು ಜಾತ್ರೆ ಶುರುವಾಯಿತೆಂದೇ ಲೆಕ್ಕ. ಬಂಡಳ್ಳಿ, ಹನೂರು, ಕೊಳ್ಳೇಗಾಲ, ಯಳಂದೂರಿನ ಕಡೆಯವರು, ಹೊಳೆಯಾಚೆಯ ಮಳವಳ್ಳಿ, ಮದ್ದೂರಿನ ಒಕ್ಕಲುಗಳು ಸಿದ್ದಪ್ಪಾಜಿಯ ಗದ್ದುಗೆಗೆ ಬಂದು ಬೀಡು ಬಿಡುತ್ತಾರೆ. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡುತ್ತಾರೆ. ಆ ಕಾವ್ಯದಲ್ಲಿ ಜನ ಮೈಯೆಲ್ಲ ಕಿವಿಯಾಗಿ ಕೇಳುವ ಭಾಗಗಳಲ್ಲಿ ಹಲಗೂರು ಪಾಂಚಾಳರ ಸಾಲು ಒಂದು. ಗುರು ಮಂಟೇಸ್ವಾಮಿಯ ಕೆಲಸಕ್ಕೆ ಕಬ್ಬಿಣ ಬೇಕು. ಕಬ್ಬಿಣ ಇರುವುದು ಹಲಗೂರಿನ ಪಾಂಚಾಳರ ಕುಲುಮೆಗಳಲ್ಲಿ. ಅದನ್ನು ಭಿಕ್ಷೆ ಬೇಡಿ ತರಲು ಹೊರಡುವವನು ನಿಡುಘಟ್ಟದ ಕೆಂಪಾಚಾರಿ, ತಾನೇ ಆಚಾರಿ ಮನೆಯಲ್ಲಿ ಹುಟ್ಟಿ ಆಮೇಲೆ ಸಿದ್ದಪ್ಪಾಜಿಯಾದವನು. ಪಾಂಚಾಳರು ಸುಲಭಕ್ಕೆ ಕೊಡುವವರಲ್ಲ. ಅವರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಗೆದ್ದ ಮೇಲೇ ಕಬ್ಬಿಣ ಅವನ ಕೈಗೆ ಬರುವುದು.

ಅನ್ನವನ್ನೋ ಹೊನ್ನನ್ನೋ ಬೇಡದೆ ಕಬ್ಬಿಣವನ್ನೇ ಬೇಡುವ ಕಥೆ ಈ ಸೀಮೆಯಲ್ಲಿ ಬೆಳೆದದ್ದಕ್ಕೆ ಕಾರಣ ಇಲ್ಲಿನ ಕಸುಬಿನಲ್ಲೇ ಇದೆ. ಹಲಗೂರು ಮಳವಳ್ಳಿ ತಾಲ್ಲೂಕಿನ ಊರು. ಕೊಳ್ಳೇಗಾಲದಿಂದ ಕಾವೇರಿ ದಾಟಿದರೆ ಮಳವಳ್ಳಿ ಸೀಮೆ. ಹತ್ತೊಂಬತ್ತನೇ ಶತಮಾನದಲ್ಲಿ ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್ ಬರೆದಾಗ, ಕಬ್ಬಿಣ ಕರಗಿಸುವ ಮುಖ್ಯ ತಾಲ್ಲೂಕುಗಳೆಂದು ಮಾಗಡಿ, ಚಿಕ್ಕನಾಯಕನಹಳ್ಳಿ, ಹೆಗ್ಗಡದೇವನಕೋಟೆ, ಅರಸೀಕೆರೆಗಳ ಜೊತೆಗೆ ಮಳವಳ್ಳಿಯನ್ನೂ ಹೆಸರಿಸಿದರು. ಉಕ್ಕಿಗೆ ಮಧುಗಿರಿ ಕಡೆ ಹೆಸರಾಗಿತ್ತು. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿ ಸಂಗೀತ ವಾದ್ಯಗಳಿಗೆಂದು ದೂರದ ನಾಡುಗಳಿಗೂ ಹೋಗುತ್ತಿತ್ತು.

ಈ ಕುಲುಮೆಗಳ ಮುಂದೆ ಕೂತವರು ದಿನವೂ ನೋಡುತ್ತಿದ್ದ ಒಂದು ಸಂಗತಿಯನ್ನು ಬಿಡಿಸಲು ಯೂರೋಪಿನ ಪಂಡಿತರು ನೂರಾರು ವರ್ಷ ಹೆಣಗಾಡಿದರು. ಬೆಂಕಿಗೆ ಹಾಕಿದ ತೂಕಕ್ಕೂ ಬೆಂಕಿಯಿಂದ ತೆಗೆದ ತೂಕಕ್ಕೂ ತಾಳೆಯಾಗುವುದಿಲ್ಲ. ಅದಿರು ಕರಗಿಸಿದರೆ ತೂಕ ಇಳಿಯುತ್ತದೆ. ಸೌದೆ ಸುಟ್ಟರೆ ಹಿಡಿ ಬೂದಿಯಷ್ಟೇ ಉಳಿಯುತ್ತದೆ. ಕಬ್ಬಿಣವನ್ನು ಗಾಳಿಯಲ್ಲಿ ಕೆಂಪಗೆ ಕಾಯಿಸುತ್ತ ಹೋದರೆ ಮೇಲೆ ಕಪ್ಪು ಹೊಪ್ಪಳೆ ಕಟ್ಟುತ್ತದೆ. ಆ ಹೊಪ್ಪಳೆಯನ್ನೂ ಸೇರಿಸಿ ತೂಗಿದರೆ ಮೊದಲಿಗಿಂತ ಭಾರ. ಒಂದು ಬೆಂಕಿ ಕಳೆಯುತ್ತದೆ, ಇನ್ನೊಂದು ಬೆಂಕಿ ಕೂಡಿಸುತ್ತದೆ. ಹೋದದ್ದು ಎಲ್ಲಿಗೆ, ಬಂದದ್ದು ಎಲ್ಲಿಂದ?

ಮೊದಲು ಕುಲುಮೆಯ ಲೆಕ್ಕವನ್ನೇ ನೋಡಬಹುದು. ಮಳೆಗಾಲದಲ್ಲಿ ಗುಡ್ಡದಿಂದಿಳಿಯುವ ಹಳ್ಳಗಳು ಕಪ್ಪು ಮರಳನ್ನು ಹೊತ್ತು ತರುತ್ತವೆ. ಅದನ್ನು ನೀರಿನಲ್ಲಿ ತೊಳೆದು ಹಗುರ ಮರಳನ್ನು ಹರಿಯಬಿಟ್ಟರೆ ತಳದಲ್ಲಿ ನಿಲ್ಲುವ ಭಾರದ ಕಣಗಳು ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಅದಿರು. ಮಣ್ಣಿನ ಒಲೆಯಲ್ಲಿ ಇದ್ದಿಲನ್ನೂ ಅದಿರನ್ನೂ ಪದರ ಪದರವಾಗಿ ಸುರಿದು, ಚರ್ಮದ ತಿದಿಯನ್ನು ಬಿಡುವಿಲ್ಲದೆ ಒತ್ತಿ, ಕೆಲವು ತಾಸುಗಳ ನಂತರ ಒಲೆಯ ಬಾಯಿ ಒಡೆದರೆ ಕೆಳಗೊಂದು ರಂಧ್ರ ರಂಧ್ರವಾದ ಕಬ್ಬಿಣದ ಮುದ್ದೆ. ಅದನ್ನು ಬಡಿದು ಬಡಿದು ಕಿಟ್ಟವನ್ನು ಹಿಂಡಿ ತೆಗೆಯಬೇಕು.

ಅಪ್ಪಟ ಮ್ಯಾಗ್ನಟೈಟಿನ 100 ತೊಲದಲ್ಲಿ ಕಬ್ಬಿಣ 72 ತೊಲ, ಉಳಿದ 28 ತೊಲ ಆಮ್ಲಜನಕ. ಕುಲುಮೆಯ ಕೆಲಸವೆಲ್ಲ ಆ 28 ತೊಲವನ್ನು ಕಬ್ಬಿಣದ ಹಿಡಿತದಿಂದ ಬಿಡಿಸುವುದು. ಬಿಡಿಸುವುದು ಇದ್ದಿಲಿನ ಇಂಗಾಲ. ಅದು ಆಮ್ಲಜನಕವನ್ನು ಕಟ್ಟಿಕೊಂಡು ಅನಿಲವಾಗಿ ಒಲೆಯ ಬಾಯಿಂದ ಹೊರಟುಹೋಗುತ್ತದೆ. ಯಾವ ಹಳ್ಳಿಯ ಒಲೆಯಲ್ಲೂ 72 ತೊಲ ಪೂರ್ತಿ ಕೈಗೆ ಬಂದಿದ್ದಿಲ್ಲ. ಅದಿರಿನ ಜೊತೆ ಬಂದ ಮರಳು ಕಬ್ಬಿಣದಲ್ಲಿ ಒಂದಷ್ಟನ್ನು ಕಸಿದುಕೊಂಡು ಕಿಟ್ಟವಾಗುತ್ತದೆ. ಕರ್ನಾಟಕದ ಎಷ್ಟೋ ಕಡೆ ಹೊಲದಂಚಿನಲ್ಲಿ ಸಿಗುವ ಕರಿಯ, ಗಾಜಿನಂಥ, ಕಲ್ಲಿಗಿಂತ ಭಾರದ ಕಿಟ್ಟದ ಉಂಡೆಗಳು ಭಾರವಾಗಿರುವುದು ಈ ಕಾರಣಕ್ಕೇ. ಇದ್ದಿಲಿನ ಕಥೆ ಇನ್ನೂ ದೊಡ್ಡದು. ಒಂದು ಸೇರು ಇಂಗಾಲ ಪೂರ್ತಿ ಉರಿದರೆ ಹುಟ್ಟುವ ಇಂಗಾಲದ ಡೈಆಕ್ಸೈಡಿನ ತೂಕ ಮೂರೂವರೆ ಸೇರಿಗೂ ಹೆಚ್ಚು. ಸುಟ್ಟು ಇಲ್ಲವಾಯಿತು ಎಂದುಕೊಂಡ ವಸ್ತು ಸುಡುವ ಮೊದಲಿಗಿಂತ ಭಾರವಾಗಿ ಗಾಳಿಯಲ್ಲಿ ಸೇರಿಹೋಗಿರುತ್ತದೆ. ತಿದಿಯಿಂದ ಒಳಗೆ ನುಗ್ಗಿದ ಗಾಳಿಯನ್ನೂ ಬಾಯಿಂದ ಹೊರಬಿದ್ದ ಅನಿಲವನ್ನೂ ತಕ್ಕಡಿಗೆ ಏರಿಸದೆ ಇದು ಕಾಣುವುದಿಲ್ಲ.

ಗಾಳಿಯನ್ನು ತಕ್ಕಡಿಗೆ ಏರಿಸುವ ಕೆಲಸ ಹದಿನೆಂಟನೇ ಶತಮಾನದ ನಡುವಿನಲ್ಲಿ ಶುರುವಾಯಿತು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಮೆಗ್ನೀಷಿಯಾವನ್ನೂ ಸುಣ್ಣಕಲ್ಲನ್ನೂ ಕಾಯಿಸಿ, ಇಳಿದ ತೂಕ ಒಂದು ಬಗೆಯ ಅನಿಲವಾಗಿ ಹೊರಟುಹೋದದ್ದು ಎಂದು 1756ರಲ್ಲಿ ಬರೆದ. ಅದೇ ವರ್ಷ ರಷ್ಯಾದ ಮಿಖಾಯಿಲ್ ಲೊಮೊನೊಸೊವ್ ಬಾಯಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಲೋಹ ಕಾಯಿಸಿ, ಹೊರಗಿನ ಗಾಳಿ ಸೇರದಿದ್ದರೆ ತೂಕ ಬದಲಾಗದೆಂದು ಕಂಡುಕೊಂಡ. ಆದರೆ ಆ ಕಾಲದ ರಸಾಯನಶಾಸ್ತ್ರದ ಗದ್ದುಗೆಯಲ್ಲಿ ಫ್ಲಾಜಿಸ್ಟನ್ ಕೂತಿತ್ತು. ಉರಿಯುವ ಪ್ರತಿ ವಸ್ತುವಿನಲ್ಲೂ ಫ್ಲಾಜಿಸ್ಟನ್ ಎಂಬ ಸತ್ವವಿದೆ, ಉರಿದಾಗ ಅದು ಹೊರಹೋಗುತ್ತದೆ ಎಂಬ ನಂಬಿಕೆ. ಹೊರಹೋದರೆ ತೂಕ ಇಳಿಯಬೇಕಲ್ಲ, ಕಾಯಿಸಿದ ಲೋಹದ ತೂಕ ಏಕೆ ಏರುತ್ತದೆ ಎಂದು ಕೇಳಿದರೆ, ಆ ಸತ್ವಕ್ಕೆ ತೂಕವೇ ಇಲ್ಲ, ಅದು ಹಗುರಾಗಿಸುವ ಸತ್ವ ಎಂದೆಲ್ಲ ಉತ್ತರ ಹೊಸೆಯುತ್ತಿದ್ದರು.

ಹೈದರಾಲಿ ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ 1772ರಲ್ಲಿ ಪ್ಯಾರಿಸಿನ ಆಂಟ್ವಾನ್ ಲವಾಸಿಯೇ ಗಂಧಕ, ರಂಜಕಗಳು ಉರಿದಾಗ ತೂಕ ಏರುವುದನ್ನು ಕಂಡು, ಅದನ್ನೊಂದು ಪತ್ರದಲ್ಲಿ ಬರೆದು, ಮೊಹರು ಹಾಕಿ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ. 1774ರಲ್ಲಿ ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು ಬಾಯಿ ಬೆಸೆದು ಕಾಯಿಸಿದ. ತವರದ ಮೇಲೆ ಬೂದಿ ಕಟ್ಟಿತು, ಆದರೆ ಇಡೀ ಪಾತ್ರೆಯ ತೂಕ ಹಾಗೇ ಇತ್ತು. ಬಾಯಿ ಒಡೆದಾಗ ಗಾಳಿ ಭರ್ರನೆ ಒಳನುಗ್ಗಿತು. ತೂಕ ಏರಿದ್ದು ಆಗ. ಏರಿದಷ್ಟು ತೂಕ ತವರಕ್ಕೆ ಕೂಡಿಕೊಂಡಿದ್ದ ಗಾಳಿಯ ತೂಕಕ್ಕೆ ಸರಿಹೊಂದಿತು.

ಲವಾಸಿಯೇಗೆ ತೂಗುವುದು ಚಟವೋ ಎಂಬಷ್ಟು ಅಭ್ಯಾಸವಾಗಿತ್ತು. ವೃತ್ತಿಯಿಂದ ಆತ ತೆರಿಗೆ ವಸೂಲಿಯ ಕಂಪನಿಯ ಪಾಲುದಾರ, ಜಮಾ ಖರ್ಚು ಸರಿತೂಗದ ಪುಟವನ್ನು ಒಪ್ಪಿಕೊಳ್ಳದ ಜಾತಿ. 1775ರಿಂದ ಫ್ರಾನ್ಸಿನ ಮದ್ದುಗುಂಡಿನ ಇಲಾಖೆಯ ಹೊಣೆಯೂ ಅವನ ಹೆಗಲಿಗೆ ಬಂತು. ಪ್ಯಾರಿಸಿನ ಆಯುಧಾಗಾರದಲ್ಲೇ ಮನೆ, ಅಲ್ಲೇ ಪ್ರಯೋಗಶಾಲೆ. ಅಲ್ಲಿ 1785ರಲ್ಲಿ ಕೆಂಪಗೆ ಕಾಯಿಸಿದ ಕೋವಿಯ ನಳಿಗೆಯೊಳಗೆ ನೀರಿನ ಹಬೆ ಹಾಯಿಸಿದ. ನಳಿಗೆಯ ಆಚೆ ತುದಿಯಲ್ಲಿ ಜಲಜನಕ ಬಂತು, ನಳಿಗೆಯ ಕಬ್ಬಿಣ ಭಾರವಾಯಿತು, ಕಳೆದುಹೋದ ನೀರಿನ ತೂಕ ಇವೆರಡರ ನಡುವೆ ಹಂಚಿಹೋಗಿತ್ತು. ಕಬ್ಬಿಣದ ಮೇಲಿನ ಕಪ್ಪು ಹೊಪ್ಪಳೆ ಮಳವಳ್ಳಿ, ಮಾಗಡಿಗಳ ಹಳ್ಳದಲ್ಲಿ ಸಿಗುವ ಕಪ್ಪು ಮರಳಿನದೇ ವಸ್ತು. ಕುಲುಮೆ ಯಾವ ಆಮ್ಲಜನಕವನ್ನು ಕಬ್ಬಿಣದಿಂದ ಬಿಡಿಸುತ್ತಿತ್ತೋ ಅದನ್ನೇ ಪ್ಯಾರಿಸಿನ ನಳಿಗೆ ಕಬ್ಬಿಣಕ್ಕೆ ಮರಳಿ ಕೂಡಿಸುತ್ತಿತ್ತು.

1789ರಲ್ಲಿ ಲವಾಸಿಯೇಯ ರಸಾಯನಶಾಸ್ತ್ರದ ಗ್ರಂಥ ಹೊರಬಂತು. ದ್ರಾಕ್ಷಿರಸ ಹುಳಿತು ಮದ್ಯವಾಗುವ ಅಧ್ಯಾಯದಲ್ಲಿ ಆತ ಈ ನಿಯಮವನ್ನು ಬಿಚ್ಚಿ ಹೇಳಿದ. ಯಾವ ಕ್ರಿಯೆಯಲ್ಲೂ ಹೊಸದಾಗಿ ಏನೂ ಹುಟ್ಟುವುದಿಲ್ಲ. ಕ್ರಿಯೆಗೆ ಮುಂಚೆ ಎಷ್ಟು ಪದಾರ್ಥವಿತ್ತೋ ಆಮೇಲೂ ಅಷ್ಟೇ ಇರುತ್ತದೆ. ಬದಲಾಗುವುದು ಅದರ ರೂಪ, ಕೂಡಿಕೆ. ಇದನ್ನು ನಂಬಿ ನಡೆದರೆ ಮಾತ್ರ ರಸಾಯನಶಾಸ್ತ್ರದಲ್ಲಿ ಪ್ರಯೋಗ ಎಂಬುದಕ್ಕೆ ಅರ್ಥ ಎಂದು ಅವನು ತಿಳಿದಿದ್ದ. ಐದು ವರ್ಷದ ನಂತರ, 1794ರ ಮೇ 8ರಂದು, ತೆರಿಗೆ ಕಂಪನಿಯ ಪಾಲುದಾರನಾಗಿದ್ದ ತಪ್ಪಿಗೆ ಕ್ರಾಂತಿಯ ಸರ್ಕಾರ ಅವನ ತಲೆ ಕಡಿಸಿತು.

ತಕ್ಕಡಿ ಕೈಯಿಟ್ಟ ಒಗಟುಗಳಲ್ಲಿ ಉಕ್ಕಿನದು ನಮಗೆ ಹತ್ತಿರದ್ದು. ಮೆತ್ತಗಿನ ಕಬ್ಬಿಣ, ಗಡಸಾದ ಉಕ್ಕು, ಒಡೆದುಹೋಗುವ ಎರಕದ ಕಬ್ಬಿಣ ಇವು ಮೂರಕ್ಕೂ ಇರುವ ಭೇದವೇನು? ಉಕ್ಕು ಎಂದರೆ ಬೆಂಕಿಯಲ್ಲಿ ಶುದ್ಧವಾದ ಕಬ್ಬಿಣ ಎಂದೇ ಹೆಚ್ಚಿನವರು ಹೇಳುತ್ತಿದ್ದರು. ಅಂದರೆ ಏನನ್ನೋ ಕಳೆದುಕೊಂಡ ಕಬ್ಬಿಣ. ಸ್ವೀಡನ್ನಿನ ಟಾರ್ಬರ್ನ್ ಬೆರ್ಗ್‌ಮನ್ 1781ರಲ್ಲಿ ಈ ಮೂರನ್ನೂ ಆಮ್ಲದಲ್ಲಿ ಕರಗಿಸಿ, ತಳದಲ್ಲಿ ಉಳಿದ ಕಪ್ಪು ಪುಡಿಯನ್ನು ತೂಗಿದ. 1786ರಲ್ಲಿ ವಾಂಡೆರ್‌ಮೋಂಡ್, ಬೆರ್ತೊಲೆ, ಮೋಂಜ್ ಎಂಬ ಮೂವರು ಫ್ರೆಂಚರು ಆ ಕಪ್ಪು ಪುಡಿ ಇಂಗಾಲವೆಂದೂ, ಅದರ ಪ್ರಮಾಣವೇ ಮೂರರ ಭೇದಕ್ಕೆ ಕಾರಣವೆಂದೂ ಹೇಳಿದರು. ಉಕ್ಕಾಗುವಾಗ ಕಬ್ಬಿಣ ಕಳೆದುಕೊಳ್ಳುವುದಿಲ್ಲ, ಗಳಿಸುತ್ತದೆ ಎಂಬ ತೀರ್ಮಾನಕ್ಕೆ ಬರಲು ತಕ್ಕಡಿಯನ್ನು ನಂಬಬೇಕಾಯಿತು.

ಈ ತೀರ್ಮಾನವನ್ನು ಕೈಕೆಲಸವಾಗಿ ರೂಢಿಸಿಕೊಂಡಿದ್ದ ಜನ ಮೈಸೂರು ಸೀಮೆಯಲ್ಲಿದ್ದರು.

1799ರ ಮೇ 4ರಂದು ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣ ಬಿತ್ತು. ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಬಂಡಳ್ಳಿಯವರು ಮದರಾಸಿನ ಪ್ರಜೆಗಳು, ಯಳಂದೂರಿನವರು ಮೈಸೂರಿನ ಪ್ರಜೆಗಳು. ಈ ಗೆರೆ ಅಳಿಸಿದ್ದು 1956ರ ನವೆಂಬರ್ 1ರಂದು. ಗೆದ್ದ ನಾಡಿನಲ್ಲಿ ಏನೇನಿದೆ ಎಂದು ನೋಡಿ ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಕಳಿಸಿದ್ದು ಡಾಕ್ಟರ್ ಫ್ರಾನ್ಸಿಸ್ ಬುಕನನ್‌ನನ್ನು. ಬ್ಲ್ಯಾಕ್ ರಸಾಯನಶಾಸ್ತ್ರ ಕಲಿಸುತ್ತಿದ್ದ ಎಡಿನ್‌ಬರೋದಲ್ಲೇ ವೈದ್ಯ ಕಲಿತವನು ಅವನು. ಗಿಡದ ಹೆಸರು, ಮಣ್ಣಿನ ಬಣ್ಣ, ಗೇಣಿಯ ದರ, ಮದುವೆಯ ಪದ್ಧತಿ, ಸೇರಿನ ತೂಕ ಎಲ್ಲವನ್ನೂ ಕೇಳಿ ಬರೆದುಕೊಳ್ಳುವವನು. ಆ ವರ್ಷ ಸತ್ಯಗಾಲಕ್ಕೆ ಬಂದು, ಸಿಂಗಾನಲ್ಲೂರು, ಹನೂರು, ಕೌದಳ್ಳಿಯ ಹಾದಿಯಾಗಿ ಬೆಟ್ಟಸಾಲು ದಾಟಿ ಕಾವೇರಿಪುರದ ಕಡೆ ಇಳಿದ. ಅವನ ಪ್ರವಾಸದ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ನಮ್ಮ ಹಳ್ಳಿಗಳ ಕಸುಬುಗಳ ಬಗ್ಗೆ ಅಷ್ಟು ನಿಗಾ ಇಟ್ಟು ಬರೆದ ಪುಸ್ತಕ ಆ ಕಾಲದ್ದು ಇನ್ನೊಂದು ಸಿಗುವುದು ಕಷ್ಟ. ಗೆದ್ದವರ ಲಾಭಕ್ಕೆಂದು ಬರೆದದ್ದು ಎಂಬುದನ್ನು ಮರೆಯದೆಯೇ ಈ ಮಾತು ಹೇಳಬೇಕು.

ಉಕ್ಕು ಮಾಡುವುದನ್ನು ಅವನು ವಿವರವಾಗಿ ಬರೆದದ್ದು ಮಧುಗಿರಿ ಕಡೆಯ ಚನ್ನರಾಯನದುರ್ಗದಲ್ಲಿ. ಹಸಿ ಮಣ್ಣಿನ ಮೂಸೆ, ಬೇಯಿಸಿದ್ದಲ್ಲ, ಒಣಗಿಸಿದ್ದು. ಅದರೊಳಗೆ ಬೆಣೆಯಂತೆ ಬಡಿದ ಕಬ್ಬಿಣದ ತುಂಡು. ಅದರ ಜೊತೆಗೆ ಮೂರು ರೂಪಾಯಿ ತೂಕದಷ್ಟು ತಂಗಡಿ ಗಿಡದ ಕಡ್ಡಿ. ಮೇಲೆ ಅಗಲವಾದ ನುಣುಪು ಎಲೆಯ ಬಳ್ಳಿಯೊಂದರ ಎರಡು ಹಸಿ ಎಲೆ. ಆಮೇಲೆ ಮೂಸೆಯ ಬಾಯಿಗೆ ಮಣ್ಣಿನ ಮುಚ್ಚಳ ಕೂರಿಸಿ, ಸಂದೆಲ್ಲ ಮಣ್ಣು ಮೆತ್ತಿ ಬಿಗಿ ಮಾಡುತ್ತಿದ್ದರು. ಇಂಥ ಮೂಸೆಗಳನ್ನು ಒಲೆಯಲ್ಲಿ ಸುತ್ತಲೂ ಜೋಡಿಸಿ ನಡುವೆ ಒಂದನ್ನಿಟ್ಟು, ಇದ್ದಿಲು ಸುರಿದು ತಿದಿ ಒತ್ತುತ್ತಿದ್ದರು. ತಣಿದ ಮೇಲೆ ಮೂಸೆ ಒಡೆದರೆ ಉಕ್ಕಿನ ಗಟ್ಟಿ.

ಮೂರು ರೂಪಾಯಿ ತೂಕ ಅಂದರೆ ಬುಕನನ್ ಲೆಕ್ಕದಲ್ಲಿ 531 ಗ್ರೇನ್, ಇವತ್ತಿನ 34 ಗ್ರಾಂನಷ್ಟು. ಕಣ್ಣಳತೆಯಲ್ಲಿ ಹಿಡಿ ಕಡ್ಡಿ ಹಾಕಿದರಾಯಿತು ಎನ್ನದೆ, ನಾಣ್ಯ ಹಾಕಿ ತೂಗಿದ ಅಳತೆ ಅದು. ಕಡ್ಡಿ ಹೆಚ್ಚಾದರೆ ಇಂಗಾಲ ಹೆಚ್ಚಾಗಿ ಬಡಿದಾಗ ಒಡೆಯುವ ಎರಕದ ಕಬ್ಬಿಣ. ಕಡಿಮೆಯಾದರೆ ಕಬ್ಬಿಣ ಕರಗುವುದೇ ಇಲ್ಲ. ಅಪ್ಪಟ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಇದ್ದಿಲು ಮತ್ತು ಕೈತಿದಿಯಿಂದ ಅಷ್ಟು ಏರುವುದು ಬಲು ಕಷ್ಟ. ಇಂಗಾಲ ಒಳಸೇರಿದಂತೆಲ್ಲ ಕರಗುವ ಶಾಖ ಇಳಿಯುತ್ತದೆ. ಅಂದರೆ ತಂಗಡಿ ಕಡ್ಡಿ ಉಕ್ಕಿಗೆ ಗಡಸುತನವನ್ನೂ ಕೊಟ್ಟಿತು, ಕರಗುವ ಬಾಗಿಲನ್ನೂ ತೆರೆಯಿತು.

ಸೇಲಂ ಕಡೆಯ ಪದ್ಧತಿ ಕೊಂಚ ಬೇರೆ. ಮದರಾಸು ಸರ್ಕಾರದ ನೌಕರಿ ಬಿಟ್ಟು ಕಬ್ಬಿಣದ ಹಿಂದೆ ಬಿದ್ದ ಜೋಸಯ್ಯ ಮಾರ್ಷಲ್ ಹೀತ್ 1830ರ ದಶಕದ ಕೊನೆಯಲ್ಲಿ ಬರೆದಂತೆ, ಅಲ್ಲಿ ಕಬ್ಬಿಣದ ಚೂರುಗಳ ಜೊತೆ ಅದರ ಹತ್ತನೇ ಒಂದು ಪಾಲು ತೂಕದ ಒಣ ತಂಗಡಿ ಕಟ್ಟಿಗೆ, ಮೇಲೆ ಎಕ್ಕದ ಎಲೆ. ಮೆತ್ತಿದ ಮಣ್ಣಿನಿಂದ ಬಾಯಿ ಗಿಡಿದು, 20ರಿಂದ 24 ಮೂಸೆಗಳನ್ನು ಒಟ್ಟಿಗೆ ಎರಡೂವರೆ ತಾಸು ಕಾಯಿಸುತ್ತಿದ್ದರು. ಸರಿಯಾಗಿ ಕರಗಿದ್ದರೆ ಬಿಲ್ಲೆಯ ಮೇಲ್ಮೈಯಲ್ಲಿ ನಡುವಿನಿಂದ ಅಂಚಿಗೆ ಗೆರೆಗಳು ಮೂಡುತ್ತಿದ್ದವು. ಅದನ್ನು ನೋಡಿಯೇ ಒಳ್ಳೆಯ ಉಕ್ಕು, ಕೆಟ್ಟ ಉಕ್ಕು ಎಂದು ಬೇರ್ಪಡಿಸುತ್ತಿದ್ದರು.

ಹೀತ್ ಕೊಟ್ಟ ಪ್ರಮಾಣ ಹಿಡಿದು ಲವಾಸಿಯೇಯ ಹಾಗೆ ಜಮಾ ಖರ್ಚು ಬರೆಯಬಹುದು. ಕಬ್ಬಿಣ 100 ತೊಲ, ಒಣ ಕಟ್ಟಿಗೆ 10 ತೊಲ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ, ಉಳಿದದ್ದು ಬಹುಪಾಲು ಆಮ್ಲಜನಕ ಮತ್ತು ಜಲಜನಕ. ಅಲ್ಲಿಗೆ ಇಂಗಾಲ 5 ತೊಲ. ಹಳೆಯ ಮೂಸೆ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು. ಒಂದೂವರೆ ಎಂದಿಟ್ಟುಕೊಂಡರೆ 5 ತೊಲದಲ್ಲಿ ಒಂದೂವರೆ ತೊಲ ಮಾತ್ರ ಉಕ್ಕಿಗೆ ಸೇರಿತು. 10 ತೊಲ ಕಟ್ಟಿಗೆಯಲ್ಲಿ ಮಿಕ್ಕ ಎಂಟೂವರೆ ತೊಲ ಎಲ್ಲಿ? ಹಬೆಯಾಗಿ, ಜಲಜನಕವಾಗಿ, ಇಂಗಾಲದ ಅನಿಲಗಳಾಗಿ ಮೂಸೆಯ ಮಣ್ಣಿನ ಸಣ್ಣ ರಂಧ್ರಗಳಿಂದ, ಮುಚ್ಚಳದ ಸಂದಿನಿಂದ ಹೊರಟುಹೋಯಿತು.

ಇಲ್ಲೇ ಒಂದು ಭೇದವನ್ನು ಗಮನಿಸಬೇಕು. ಮೈಸೂರಿನ ಮೂಸೆಯ ಮುಚ್ಚಳ ಪ್ಯಾರಿಸಿನ ಗಾಜಿನ ಬೆಸುಗೆಯಂಥದ್ದಲ್ಲ. ಪೂರ್ತಿ ಬೆಸೆದಿದ್ದರೆ ಒಳಗೆ ಹುಟ್ಟಿದ ಅನಿಲದ ಒತ್ತಡಕ್ಕೆ ಮೂಸೆ ಸಿಡಿಯುತ್ತಿತ್ತು. ತೆರೆದೇ ಬಿಟ್ಟಿದ್ದರೆ ತಿದಿಯ ಗಾಳಿ ಒಳಹೊಕ್ಕು ಇಂಗಾಲವನ್ನು ಸುಟ್ಟು, ಕಬ್ಬಿಣವನ್ನೂ ಹೊಪ್ಪಳೆ ಮಾಡುತ್ತಿತ್ತು. ಒಳಗಿನ ಅನಿಲ ಹೊರಹೋಗಲು ಬಿಟ್ಟು ಹೊರಗಿನ ಗಾಳಿ ಒಳಬರದಂತೆ ತಡೆಯುವ ಮಣ್ಣು ಬೇಕು. ಹೈದರಾಬಾದ್ ಸೀಮೆಯ ಕೋನಸಮುದ್ರದಂಥ ಕಡೆ ಸಿಕ್ಕ ಮೂಸೆಯ ಚೂರುಗಳಲ್ಲಿ ಮಣ್ಣಿಗೆ ಭತ್ತದ ಹೊಟ್ಟು ಕಲಸಿರುವುದು ಕಂಡುಬಂದಿದೆ. ಸುಟ್ಟಾಗ ಹೊಟ್ಟು ಇದ್ದಿಲಾಗಿ ಗೋಡೆಯಲ್ಲೇ ಉಳಿಯುತ್ತದೆ. ಒಳನುಸುಳುವ ಅಲ್ಪಸ್ವಲ್ಪ ಗಾಳಿಯನ್ನು ಅದೇ ನುಂಗಿಕೊಳ್ಳುತ್ತದೆ, ಹೊಟ್ಟಿನಲ್ಲಿರುವ ಮರಳಿನ ಅಂಶ ಗೋಡೆಯನ್ನು ಗಟ್ಟಿ ಹಿಡಿಯುತ್ತದೆ. ದ್ರವ್ಯದ ಲೆಕ್ಕದಲ್ಲಿ ಗೋಡೆಯೂ ಒಬ್ಬ ಪಾಲುದಾರ.

ಇಷ್ಟು ಬಲ್ಲವರ ಹೆಸರು ಬುಕನನ್ ಪುಸ್ತಕದಲ್ಲಿ ಇಲ್ಲ. ಅವರ ಕೈಯ ಉಕ್ಕಿಗೆ ಮಾತ್ರ ಲಂಡನ್ನಿನಲ್ಲಿ ಹೆಸರು ಬಂತು. ಬೊಂಬಾಯಿಯ ವೈದ್ಯ ಹೆಲೆನಸ್ ಸ್ಕಾಟ್ ಭಾರತದ ಉಕ್ಕಿನ ಬಿಲ್ಲೆಗಳನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಓದಿದ; ಅದಿರಿನಿಂದ ನೇರವಾಗಿ ಮಾಡಿದ ಉಕ್ಕು ಎಂದು ತಪ್ಪಾಗಿ ಊಹಿಸಿದ. 1819ರಲ್ಲಿ ಇನ್ನೂ ಎಳೆಯನಾಗಿದ್ದ ಮೈಕೆಲ್ ಫ್ಯಾರಡೆ ಅದೇ ಉಕ್ಕನ್ನು ವಿಶ್ಲೇಷಿಸಿದ. ಅದರ ಗುಣಕ್ಕೆ ಅಲ್ಯುಮಿನಿಯಂ ಕಾರಣವಿರಬೇಕೆಂದುಕೊಂಡು, ಉಪಕರಣ ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆ ವರ್ಷಗಟ್ಟಲೆ ಮಿಶ್ರಲೋಹಗಳನ್ನು ಮಾಡಿ ನೋಡಿದ. ಫ್ಯಾರಡೆಯಂಥವನೂ ಇಲ್ಲಿ ದಾರಿ ತಪ್ಪಿದ್ದು ಅಚ್ಚರಿಯಲ್ಲ. ಕಣ್ಣಿಗೆ ಬೀಳದ ಒಂದೂವರೆ ಪ್ರತಿಶತ ಇಂಗಾಲ ಇಡೀ ಲೋಹದ ನಡತೆ ಬದಲಿಸುತ್ತದೆ ಎಂದು ನಂಬುವುದಕ್ಕೆ ಎದೆ ಬೇಕು.

ಆ ನಂಬಿಕೆಗೆ ಬಂದ ಸಾಕ್ಷಿಗಳಲ್ಲಿ ಬೆರಗು ಹುಟ್ಟಿಸುವಂಥದು ವಜ್ರದ್ದು. ವಜ್ರವೂ ಇಂಗಾಲವೇ ಎಂದು 1797ರಲ್ಲಿ ಸ್ಮಿತ್ಸನ್ ಟೆನ್ನಂಟ್ ತೋರಿಸಿದ್ದ: ವಜ್ರವನ್ನು ಸುಟ್ಟರೆ ಅಷ್ಟೇ ತೂಕದ ಇದ್ದಿಲು ಸುಟ್ಟಾಗ ಬರುವಷ್ಟೇ ಅನಿಲ. ಹಾಗಾದರೆ ವಜ್ರ ತಿಂದ ಕಬ್ಬಿಣ ಉಕ್ಕಾಗಬೇಕು. ಶ್ರೀರಂಗಪಟ್ಟಣ ಬಿದ್ದ ವರ್ಷದ ಆಸುಪಾಸಿನಲ್ಲಿ ಪ್ಯಾರಿಸಿನಲ್ಲಿ ಕ್ಲೂಯೆ ಮತ್ತು ಗೆಳೆಯರು ಒಂದು ವಜ್ರವನ್ನು ಮೆತ್ತಗಿನ ಕಬ್ಬಿಣದ ಪುಟ್ಟ ಮೂಸೆಯೊಳಗಿಟ್ಟು, ಕಬ್ಬಿಣದ್ದೇ ಮುಚ್ಚಳ ಬಿಗಿದು ಕಾಯಿಸಿದರು. ವಜ್ರ ಕಾಣೆಯಾಯಿತು, ಕಬ್ಬಿಣ ಕರಗಿ ಉಕ್ಕಾಯಿತು. ಗಿಟೊನ್ ದ ಮೊರ್ವೊ ಇದನ್ನು ವಿದ್ವತ್ಸಭೆಗೆ ವರದಿ ಮಾಡಿದಾಗ ಸಂಶಯ ಬಂತು. ಒಲೆಯ ಹೊಗೆಯಿಂದಲೇ ಇಂಗಾಲ ನುಸುಳಿರಬಾರದೇಕೆ? ನ್ಯಾಯವಾದ ಪ್ರಶ್ನೆ. 1815ರಲ್ಲಿ ಲಂಡನ್ನಿನ ವಿಲಿಯಂ ಪೆಪಿಸ್ ಅದಕ್ಕೆ ಉತ್ತರ ಕಂಡುಕೊಂಡ. ಕಬ್ಬಿಣದ ತಂತಿಯ ಸೀಳಿನಲ್ಲಿ ವಜ್ರದ ಪುಡಿ ತುಂಬಿ, ದೊಡ್ಡ ಬ್ಯಾಟರಿಯ ವಿದ್ಯುತ್ತಿನಿಂದ ಕಾಯಿಸಿದ. ಒಲೆಯೂ ಇಲ್ಲ, ಹೊಗೆಯೂ ಇಲ್ಲ. ವಜ್ರ ಮಾಯವಾಗಿ ತಂತಿ ಉಕ್ಕಾಯಿತು. ತಂಗಡಿ ಕಡ್ಡಿ ಮಾಡುವ ಕೆಲಸವನ್ನು ವಜ್ರವೂ ಮಾಡುತ್ತದೆ ಎಂದಾಯಿತು. ಬೆಲೆ ಬೇರೆ, ತೂಕದ ಲೆಕ್ಕ ಒಂದೇ.

ಮಳವಳ್ಳಿ, ಮಾಗಡಿ, ಸೇಲಂಗಳ ಕುಲುಮೆಗಳು ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಒಂದೊಂದಾಗಿ ತಣ್ಣಗಾದವು. ಹಡಗಿನಲ್ಲಿ ಬಂದ ಅಗ್ಗದ ಇಂಗ್ಲಿಷ್ ಕಬ್ಬಿಣ ಒಂದು ಕಾರಣ. ಕಾಡು ಇನ್ನೊಂದು. ಅದಿರಿನ 28 ತೊಲ ಆಮ್ಲಜನಕವನ್ನು ಬಿಡಿಸಲು ಎಷ್ಟು ಇಂಗಾಲ ಸಾಕು ಎಂದು ಲೆಕ್ಕ ಹಾಕಿದರೆ ಬಹಳ ಕಡಿಮೆಯೇ ಬರುತ್ತದೆ. ಆದರೆ ಒಲೆಯನ್ನು ಕಾವಿನಲ್ಲಿಡಲು ಅದರ ಹಲವು ಪಟ್ಟು ಇದ್ದಿಲು ಉರಿಯಬೇಕು, ಆ ಇದ್ದಿಲಿಗೆ ಅದರ ನಾಲ್ಕೈದು ಪಟ್ಟು ಸೌದೆ ಬೇಕು. 1882ರ ಮದರಾಸು ಅರಣ್ಯ ಕಾಯ್ದೆ ಬಂದ ಮೇಲೆ ಕೊಳ್ಳೇಗಾಲದ ಬೆಟ್ಟಗಳೂ ಸೇರಿ ಮದರಾಸಿನ ಕಾಡುಗಳಲ್ಲಿ ಸೌದೆ ಕಡಿಯಲು ಕಟ್ಟುಪಾಡು ಬಂತು. ಹೀತ್ ಪೋರ್ಟೊ ನೋವೋದಲ್ಲಿ ಕಟ್ಟಿದ ದೊಡ್ಡ ಕಾರ್ಖಾನೆಯನ್ನೂ ಇದ್ದಿಲಿನ ಅಭಾವ ಕಾಡಿತ್ತು. ಹಳ್ಳಿಯ ಆಚಾರಿ ಪೇಟೆಯಲ್ಲಿ ಸಿಗುವ ಪಟ್ಟಿ, ಸರಳು ತಂದು ಗುಳ, ಕುಡುಗೋಲು ಬಡಿಯುವವನಾದ. ಕಪ್ಪು ಮರಳು ಹಳ್ಳದಲ್ಲೇ ಉಳಿಯಿತು.

ಇದ್ದಿಲು ಸುಡುವ ಗುಂಡಿಯಿಂದ ಹೊಗೆಯಾಗಿ ಹೋಗುತ್ತಿದ್ದುದನ್ನು ಹಿಡಿಯುವ ಯೋಚನೆ ಮೈಸೂರಿನಲ್ಲೇ ಮುಂದೆ ಕೈಗೂಡಿತು. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಅದರ ಹೆಸರಿನಲ್ಲೇ ಕಟ್ಟಿಗೆಯ ಬಟ್ಟಿ ಇಳಿಸುವಿಕೆಯೂ ಕಬ್ಬಿಣವೂ ಜೊತೆಗಿದ್ದವು. ಸೌದೆಯನ್ನು ಗಾಳಿಯಿಲ್ಲದ ಕಬ್ಬಿಣದ ಕೋಣೆಗಳಲ್ಲಿ ಕಾಯಿಸಿ, ಉಳಿದ ಇದ್ದಿಲನ್ನು ಕುಲುಮೆಗೆ ಕಳಿಸಿ, ಹೊರಬಂದ ಹೊಗೆಯನ್ನು ತಣಿಸಿ ಅದರಿಂದ ಕಟ್ಟಿಗೆಯ ಸ್ಪಿರಿಟ್ಟು, ಸುಣ್ಣದ ಅಸಿಟೇಟು, ಟಾರು ತೆಗೆಯುತ್ತಿದ್ದರು. ಹಳ್ಳಿಯ ಇದ್ದಿಲು ಗುಂಡಿಯಲ್ಲಿ ಇವೆಲ್ಲ ಆಕಾಶಕ್ಕೆ ಹೋಗುತ್ತಿದ್ದವು. ಕಳೆದುಹೋದದ್ದು ಎಲ್ಲೋ ಇದ್ದೇ ಇರಬೇಕು, ಇದ್ದರೆ ಹಿಡಿಯಬಹುದು ಎಂಬ ಲವಾಸಿಯೇಯ ವಿಶ್ವಾಸದ ಮೇಲೆ ಕಟ್ಟಿದ ಕಾರ್ಖಾನೆ ಅದು ಎಂದರೆ ತಪ್ಪಾಗದು.

ಆ ವಿಶ್ವಾಸವನ್ನೂ ಪರೀಕ್ಷಿಸದೆ ಬಿಡಲಿಲ್ಲ. ಜರ್ಮನಿಯ ಹಾನ್ಸ್ ಲಾಂಡೋಲ್ಟ್ ಎರಡು ಕವಲಿನ ಗಾಜಿನ ಕೊಳವೆಯಲ್ಲಿ ಎರಡು ದ್ರಾವಣಗಳನ್ನು ಬೇರೆ ಬೇರೆ ಇಟ್ಟು, ಬಾಯಿ ಬೆಸೆದು ತೂಗಿ, ಓರೆ ಮಾಡಿ ಬೆರೆಸಿ, ಮತ್ತೆ ತೂಗುವ ಕೆಲಸವನ್ನು ಹತ್ತಾರು ವರ್ಷ ಮಾಡಿದ. ನಡುವೆ ತೂಕ ಕೊಂಚ ಇಳಿದಂತೆ ಕಂಡು ಗಾಬರಿಯೂ ಆಯಿತು. ಕಾವಿಗೆ ಗಾಜು ಉಬ್ಬಿದ್ದೂ ಅದರ ಮೇಲಿನ ತೇವ ಆರಿದ್ದೂ ಅದಕ್ಕೆ ಕಾರಣ ಎಂದು ಗೊತ್ತಾದ ಮೇಲೆ, 1908ರಲ್ಲಿ, ತನ್ನ ತಕ್ಕಡಿಗೆ ಸಿಕ್ಕುವಷ್ಟು ಬದಲಾವಣೆ ಎಲ್ಲೂ ಇಲ್ಲ ಎಂದು ತೀರ್ಮಾನಿಸಿದ. ಆ ವೇಳೆಗೆ, 1905ರಲ್ಲಿ, ಐನ್‌ಸ್ಟೈನ್ ಶಕ್ತಿಗೂ ದ್ರವ್ಯರಾಶಿ ಇದೆ ಎಂದಾಗಿತ್ತು. ಅವನ ಸೂತ್ರದಂತೆ ಒಂದು ಕಿಲೋ ಇದ್ದಿಲು ಉರಿದು ಶಾಖ ಹೊರಹೋದಾಗ ಅದರೊಡನೆ ಹೋಗುವ ದ್ರವ್ಯರಾಶಿ ಒಂದು ಮಿಲಿಗ್ರಾಮಿನ ಎರಡು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟನ್ನು ಲಾಂಡೋಲ್ಟನ ತಕ್ಕಡಿ ಕಾಣುವುದು ಸಾಧ್ಯವಿರಲಿಲ್ಲ.

ಮೂಸೆ ಉಕ್ಕಿನ ಕಥೆಯನ್ನು ಈಚೆಗೆ ಮತ್ತೆ ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನವರೇ ಮುಂದಿದ್ದಾರೆ. ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ದಕ್ಷಿಣದ ಹಳೆಯ ಕುಲುಮೆ ನೆಲೆಗಳ ಮೂಸೆ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದಕ್ಕೆ ಅಂಟಿದ ಉಕ್ಕಿನ ಹನಿಗಳಲ್ಲಿ ಇಂಗಾಲದ ಕುರುಹು ಓದಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಅವರೊಡನೆ 2004ರಲ್ಲಿ ಈ ಉಕ್ಕಿನ ಬಗ್ಗೆ ಪುಸ್ತಕವನ್ನೇ ತಂದರು. ಆಚಾರಿಗಳು ಬರೆದಿಡದೇ ಹೋದ ಲೆಕ್ಕ ಒಡೆದ ಮೂಸೆಯ ಗೋಡೆಯಲ್ಲಿ ಸಿಗುತ್ತಿದೆ.

ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ನಮ್ಮ ಮಕ್ಕಳು ದ್ರವ್ಯರಾಶಿ ಸಂರಕ್ಷಣೆಯ ನಿಯಮ ಕಲಿಯುತ್ತಾರೆ. ಪ್ರಯೋಗದಲ್ಲಿ ಎರಡು ದ್ರಾವಣ, ಒಂದು ಗಾಜಿನ ಪಾತ್ರೆ, ಬಾಯಿಗೊಂದು ಬಿರಡೆ. ಬಿರಡೆ ಏಕೆ ಹಾಕಬೇಕು ಎಂಬ ಪ್ರಶ್ನೆ. ಬಂಡಳ್ಳಿಯ ಶಾಲೆಯಲ್ಲೋ ಹನೂರಿನಲ್ಲೋ ಈ ಪಾಠ ನಡೆಯುವಾಗ ಲವಾಸಿಯೇ ಜೊತೆಗೆ ಹಲಗೂರಿನ ಪಾಂಚಾಳರ ಹೆಸರೂ ಬರಬೇಕು ಎಂಬುದು ಈ ಬರಹದ ಆಸೆ. ತಂಗಡಿ ಗಿಡ ಆ ಸೀಮೆಯ ಬಯಲಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದೆ, ಮಕ್ಕಳು ಅದನ್ನು ದಿನವೂ ದಾಟಿಕೊಂಡೇ ಶಾಲೆಗೆ ಬರುತ್ತಾರೆ. ಹಲಗೆಯ ಮೇಲೆ 100 ತೊಲ ಕಬ್ಬಿಣ, 10 ತೊಲ ತಂಗಡಿ ಕಟ್ಟಿಗೆ, ಒಂದೂವರೆ ತೊಲ ಇಂಗಾಲ ಎಂದು ಬರೆದು, ಉಳಿದ ಎಂಟೂವರೆ ತೊಲ ಯಾವ ಯಾವ ಅನಿಲವಾಗಿ ಹೋಯಿತು, ಅವನ್ನು ಹಿಡಿದಿಡಲು ಎಂಥ ಪಾತ್ರೆ ಬೇಕಿತ್ತು ಎಂದು ಅವರನ್ನೇ ಕೇಳಬಹುದು.